ಮುಟ್ಟಿದರೆ ದೂರ ಸರಿಯುವ ಮಗು: ತಂದೆತಾಯಿಯರು ಕಲಿಯಬಹುದಾದ ಮೈ ನೀವುವ ಚಿಕಿತ್ಸೆ

ಪಶು ಆಸ್ಪತ್ರೆಯಲ್ಲಿ ದನವನ್ನು ನಿಲ್ಲಿಸುವ ಕಂಬಗಳ ಚೌಕಟ್ಟನ್ನು ಹೈನುಗಾರರಾದ ನೀವೆಲ್ಲ ನೋಡಿದ್ದೀರಿ. ಅಮೆರಿಕದ ದೊಡ್ಡ ದನದ ಫಾರ್ಮುಗಳಲ್ಲಿ ಇಂಥದೇ ಚೌಕಟ್ಟು ಇರುತ್ತದೆ. ಆದರೆ ಅದರ ಎರಡೂ ಬದಿಯ ತಡೆಗಳು ಒಳಕ್ಕೆ ಸರಿದು ದನದ ಪಕ್ಕೆಗಳನ್ನು ಒತ್ತಿ ಹಿಡಿಯುತ್ತವೆ. ಅರಿಜೋನಾ ರಾಜ್ಯದ ತಮ್ಮ ಬಂಧುಗಳ ಫಾರ್ಮಿನಲ್ಲಿ ಟೆಂಪಲ್ ಗ್ರ್ಯಾಂಡಿನ್ ಎಂಬ ತರುಣಿ ಇದನ್ನು ನೋಡುತ್ತಿದ್ದರು. ಹೆದರಿ ಒದ್ದಾಡುತ್ತಿದ್ದ ಕೆಲವು ದನಗಳು ಒತ್ತು ಬಿದ್ದೊಡನೆ ಶಾಂತವಾಗುತ್ತಿದ್ದವು. 1947ರಲ್ಲಿ ಹುಟ್ಟಿದ ಗ್ರ್ಯಾಂಡಿನ್‌ಗೆ ಆಟಿಸಂ ಇತ್ತು. ಯಾರಾದರೂ ಅಪ್ಪಿಕೊಂಡರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ, ಆದರೆ ಅಪ್ಪುಗೆಯ ಹಂಬಲ ಮಾತ್ರ ಇದ್ದೇ ಇತ್ತು. ಅವರು ತಾವೇ ಆ ಚೌಕಟ್ಟಿನೊಳಗೆ ಹೊಕ್ಕು ನೋಡಿದರು. ಮನಸ್ಸು ತಣ್ಣಗಾಯಿತು. ಆಮೇಲೆ ಹಲಗೆಗಳಿಂದ ತಮಗಾಗಿಯೇ ಅಂಥದೊಂದನ್ನು ಮಾಡಿಕೊಂಡರು; ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದು ಅವರ ಕೈಯಲ್ಲೇ ಇತ್ತು. ಮುಂದೆ ಅವರು ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಶುವಿಜ್ಞಾನದ ಪ್ರಾಧ್ಯಾಪಕರಾದರು.

ಈ ಸಲ ಆರೋಗ್ಯದ ವಿಷಯಕ್ಕೆ ನಾವು ದನದ ಕೊಟ್ಟಿಗೆಯ ದಾರಿಯಿಂದ ಬಂದಿದ್ದೇವೆ, ಓದುಗರು ಬೇಸರಿಸಬಾರದು. ಆಟಿಸಂ ಇರುವ ಅನೇಕ ಮಕ್ಕಳ ತೊಂದರೆ ಅರ್ಥವಾಗಬೇಕಾದರೆ ಇದಕ್ಕಿಂತ ಸುಲಭದ ಬಾಗಿಲು ನಮಗೆ ಕಾಣಲಿಲ್ಲ.

ಕನ್ನಡದಲ್ಲಿ ಸ್ವಲೀನತೆ ಎಂದು ಕರೆಯುವ ಆಟಿಸಂ ಅಂಟುಜಾಡ್ಯವಲ್ಲ, ಹುಚ್ಚಲ್ಲ, ಯಾರ ಶಾಪವೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ವ್ಯತ್ಯಾಸ ಅದು. ಮಗುವಿಗೆ ಒಂದೂವರೆ ಎರಡು ವರ್ಷವಾದರೂ ಹೆಸರು ಕರೆದರೆ ತಿರುಗುವುದಿಲ್ಲ, ಬೇಕಾದುದನ್ನು ಬೆರಳಿನಿಂದ ತೋರಿಸುವುದಿಲ್ಲ, ಮಾತು ತಡವಾಗುತ್ತದೆ ಅಥವಾ ಬಂದ ನಾಲ್ಕು ಮಾತೂ ನಿಂತುಹೋಗುತ್ತದೆ. ಆಟಿಕೆಯ ಕಾರನ್ನು ಓಡಿಸುವ ಬದಲು ಅದರ ಚಕ್ರವನ್ನೇ ಗಂಟೆಗಟ್ಟಲೆ ತಿರುಗಿಸುತ್ತ ಕೂರುತ್ತದೆ. ಇಂಥ ಲಕ್ಷಣ ಕಂಡರೆ ‘ಅವನಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಸಮಾಧಾನ ಹೇಳುತ್ತ ವರ್ಷ ಕಳೆಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಇವುಗಳ ಜೊತೆಗೆ ಮನೆಯವರು ದಿನವೂ ಕಾಣುವ, ಆದರೆ ವೈದ್ಯರಿಗೆ ಹೇಳಲು ಮರೆಯುವ ಇನ್ನೊಂದು ಸಂಗತಿಯಿದೆ. ಅದು ಸ್ಪರ್ಶ. ತಲೆ ಬಾಚಲು ಬಿಡುವುದಿಲ್ಲ. ಉಗುರು ಕತ್ತರಿಸುವುದು ಯುದ್ಧ. ಹೊಸ ಅಂಗಿಯ ಕಾಲರ್ ಕತ್ತಿಗೆ ತಾಗಿದರೆ ಹರಿದು ಬಿಸಾಡುವಷ್ಟು ಸಿಟ್ಟು. ಅದೇ ಮಗು ಮೊಣಕಾಲು ತರಚಿ ರಕ್ತ ಸುರಿದರೂ ಅಳದಿರಬಹುದು. ಭಾನುವಾರದ ಬಲಿಪೂಜೆಯ ನಡುವೆ ಹಿಂದಿನ ಬೆಂಚಿನಿಂದ ಯಾರೋ ಪ್ರೀತಿಯಿಂದ ತಲೆ ಸವರುತ್ತಾರೆ, ಮಗು ಕಿರುಚುತ್ತದೆ, ತಿರುಗಿ ನೋಡುವ ಕಣ್ಣುಗಳೆಲ್ಲ ತಾಯಿಯ ಮೇಲೆ.

ಈ ತಾಯಂದಿರ ಮೇಲೆ ಬಿದ್ದ ಅಪವಾದ ಚಿಕ್ಕದಲ್ಲ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವಿವರ ಬರೆದು ಆಟಿಸಂ ಎಂಬುದನ್ನು ಲೋಕಕ್ಕೆ ಪರಿಚಯಿಸಿದರು. ಎತ್ತಿಕೊಳ್ಳಲು ಕೈ ಚಾಚಿದರೆ ಸಾಮಾನ್ಯ ಮಗು ತಾನೇ ಮೈಯನ್ನು ಸಿದ್ಧಮಾಡಿಕೊಳ್ಳುತ್ತದಲ್ಲ, ಈ ಮಕ್ಕಳು ಹಾಗೆ ಮಾಡುತ್ತಿರಲಿಲ್ಲ ಎಂದು ಅವರು ಗುರುತಿಸಿದ್ದರು. ಗಮನಿಸಿದ್ದು ಸರಿಯೇ. ಆದರೆ ಆ ಕಾಲದ ತಜ್ಞರು ಅದರಿಂದ ತೆಗೆದ ತೀರ್ಮಾನ ಕ್ರೂರವಾಗಿತ್ತು: ತಾಯಿಯ ಮನಸ್ಸು ತಣ್ಣಗಿರುವುದರಿಂದಲೇ ಮಗು ಹೀಗಾಗಿದೆ ಎಂದರು. ‘ರೆಫ್ರಿಜರೇಟರ್ ತಾಯಿ’ ಎಂಬ ಹೆಸರೂ ಹುಟ್ಟಿತು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಬರೆದ ಪುಸ್ತಕವಂತೂ ಈ ಮಾತನ್ನು ಮನೆಮನೆಗೆ ಮುಟ್ಟಿಸಿತು. ಇದು ತಪ್ಪು, ಆಟಿಸಂಗೆ ಕಾರಣ ಶರೀರದಲ್ಲಿಯೇ ಇದೆ ಎಂದು ಆಟಿಸಂ ಇರುವ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲಾಂಡ್ 1964ರಲ್ಲಿಯೇ ವಾದಿಸಿದ್ದರು. ಅವರ ಮಾತೇ ನಿಜವೆಂದು ಲೋಕ ಒಪ್ಪುವಷ್ಟರಲ್ಲಿ ಎಷ್ಟೋ ತಾಯಂದಿರು ಕಣ್ಣೀರಲ್ಲಿ ಕೈ ತೊಳೆದಿದ್ದರು.

ಈಗ ತಿಳಿದಿರುವುದೇನು? ನಮ್ಮ ಚರ್ಮದಲ್ಲಿ ಸ್ಪರ್ಶವನ್ನು ಒಯ್ಯುವ ನರತಂತುಗಳು ಒಂದೇ ಬಗೆಯವಲ್ಲ. ಕೆಲವು ತಂತುಗಳು ಒತ್ತಡ, ಕಂಪನ, ವಸ್ತುವಿನ ಆಕಾರವನ್ನು ತಿಳಿಸುತ್ತವೆ. ಬೇರೆ ಕೆಲವು ಬಹು ಸಪುರ ತಂತುಗಳು, ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಯಾರಾದರೂ ಮೈ ಸವರಿದಾಗ ಚೆನ್ನಾಗಿ ಸ್ಪಂದಿಸುತ್ತವೆ. ಅಂದರೆ ಅಮ್ಮ ಮಗುವಿನ ಬೆನ್ನು ಸವರುವ ವೇಗ! ಆಟಿಸಂ ಇರುವ ಅನೇಕರಲ್ಲಿ ಸ್ಪರ್ಶದ ಈ ಏರ್ಪಾಡು ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ. ಒಂದು ಜಾಗದಲ್ಲಿ ಅತಿ ಚುರುಕು, ಇನ್ನೊಂದು ಜಾಗದಲ್ಲಿ ಮಂದ. 2016ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಂಶೋಧಕರು ಇಲಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಆಟಿಸಂಗೆ ಸಂಬಂಧಿಸಿದ ಜೀನುಗಳನ್ನು ಮಿದುಳಿನಲ್ಲಿ ಹಾಗೆಯೇ ಬಿಟ್ಟು, ಚರ್ಮದಿಂದ ಸುದ್ದಿ ಒಯ್ಯುವ ನರಗಳಲ್ಲಿ ಮಾತ್ರ ಕೆಡಿಸಿದರು. ಆ ಇಲಿಗಳು ಸ್ಪರ್ಶಕ್ಕೆ ಬೆಚ್ಚುವಂತಾದುದು ಮಾತ್ರವಲ್ಲ, ಬೇರೆ ಇಲಿಗಳ ಜೊತೆ ಬೆರೆಯುವುದನ್ನೂ ಕಡಿಮೆ ಮಾಡಿದವು. ಇಲಿ ಇಲಿಯೇ, ಮಗು ಮಗುವೇ. ಆದರೂ ಅಮ್ಮನ ಕೈ ತಣ್ಣಗಿಲ್ಲ, ಆ ಕೈಯ ಸುದ್ದಿ ಮಗುವಿಗೆ ತಲುಪುವ ದಾರಿಯಲ್ಲೇ ತೊಡಕಿರಬಹುದು ಎಂಬುದಕ್ಕೆ ಇದು ಬಲವಾದ ಸೂಚನೆ.

ಹಾಗಾದರೆ ಆ ದಾರಿಯನ್ನು ದಿನವೂ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಲು ಸಾಧ್ಯವೇ? ಮಸಾಜ್ ಚಿಕಿತ್ಸೆಯ ಹಿಂದಿರುವ ಪ್ರಶ್ನೆ ಇದೇ.

ಮಗುವಿನ ಮೈ ನೀವುವುದು ನಮಗೆ ಹೊಸತಲ್ಲ. ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿ ಮೀಯಿಸುವ ಅಜ್ಜಿಯಂದಿರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಪಾಶ್ಚಾತ್ಯರು ಇದನ್ನು ಕಲಿತದ್ದೇ ಭಾರತದಿಂದ ಎಂದರೆ ತಪ್ಪಾಗದು. ಫ್ರಾನ್ಸಿನ ಹೆರಿಗೆ ವೈದ್ಯ ಫ್ರೆಡರಿಕ್ ಲೆಬೊಯೆ ಕಲ್ಕತ್ತೆಯಲ್ಲಿ ಒಬ್ಬ ತಾಯಿ ತನ್ನ ಮಗುವಿನ ಮೈ ನೀವುವುದನ್ನು ಕಂಡು, ಅವಳ ಹೆಸರನ್ನೇ ಇಟ್ಟು ‘ಶಾಂತಲಾ’ ಎಂಬ ಪುಸ್ತಕ ಬರೆದರು. ಅದು 1976ರಲ್ಲಿ ಬಂತು. 1973ರಲ್ಲಿ ಉತ್ತರ ಭಾರತದ ಅನಾಥಾಲಯವೊಂದರಲ್ಲಿ ಸೇವೆಗೆ ಬಂದಿದ್ದ ಅಮೆರಿಕದ ವಿಮಲಾ ಮೆಕ್‌ಕ್ಲೂರ್ ಇಲ್ಲಿ ಕಂಡದ್ದನ್ನು ತಮ್ಮ ದೇಶದ ತಾಯಂದಿರಿಗೆ ಕಲಿಸಿದರು.

ಆಟಿಸಂ ಇರುವ ಮಕ್ಕಳ ಮೇಲೆ ಇದರ ಪರಿಣಾಮವನ್ನು ಅಳೆದು ನೋಡಿದವರಲ್ಲಿ ಅಮೆರಿಕದ ಮಯಾಮಿ ವಿಶ್ವವಿದ್ಯಾಲಯದವರು ಮೊದಲಿಗರ ಸಾಲಿನವರು. 2001ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 3ರಿಂದ 6 ವರ್ಷದ 20 ಮಕ್ಕಳಿದ್ದರು. ಅರ್ಧ ಮಕ್ಕಳಿಗೆ ತಂದೆತಾಯಿಯರು ರಾತ್ರಿ ಮಲಗುವ ಮುಂಚೆ 15 ನಿಮಿಷ ಮೈ ನೀವಿದರು. ಇನ್ನರ್ಧ ಮಕ್ಕಳಿಗೆ ಅಷ್ಟೇ ಹೊತ್ತು ಕಥೆ ಓದಿದರು. ಹೀಗೆ ಒಂದು ತಿಂಗಳು. ಮೈ ನೀವಿಸಿಕೊಂಡವರಲ್ಲಿ ನಿದ್ರೆಯ ತೊಂದರೆ ಕಡಿಮೆಯಾಯಿತು, ಶಾಲೆಯಲ್ಲಿ ಗಮನವೂ ಬೆರೆಯುವಿಕೆಯೂ ಹೆಚ್ಚಿತು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 8 ವಾರಗಳ ತರಗತಿ ನಡೆಸಿ ತಂದೆತಾಯಿಯರಿಗೆ ಈ ವಿದ್ಯೆ ಕಲಿಸಲಾಯಿತು. ಅಲ್ಲಿ ಸಂಶೋಧಕರು ತಂದೆತಾಯಿಯರನ್ನೇ ಮಾತಾಡಿಸಿದರು. ಮಗುವಿನ ಹತ್ತಿರ ಹೋಗಲಾರದ ನೋವನ್ನು ಮೊದಲು ಹೇಳಿದ್ದವರು, ಆಮೇಲೆ ಮಗು ಸ್ಪರ್ಶಕ್ಕೆ ತನ್ನನ್ನು ತೆರೆದುಕೊಂಡಿತು, ಬಟ್ಟೆ ತೊಡಿಸುವಂಥ ದಿನನಿತ್ಯದ ಕೆಲಸ ಹಗುರವಾಯಿತು ಎಂದರು. ನಮಗೆ ಈ ಮಾತು ಅಂಕಿಸಂಖ್ಯೆಗಿಂತ ಹೆಚ್ಚು ಮುಖ್ಯವಾಗಿ ಕಂಡಿತು.

ಹೆಚ್ಚು ವ್ಯವಸ್ಥಿತವಾಗಿ ಕೆಲಸ ನಡೆದದ್ದು ಒರೆಗಾನ್ ರಾಜ್ಯದಲ್ಲಿ. ಅಲ್ಲಿಯ ವೈದ್ಯೆ ಡಾ. ಲೂಯಿಸಾ ಸಿಲ್ವಾ ಚೀನಾದ ‘ಚಿಗಾಂಗ್’ ಎಂಬ ಪದ್ಧತಿಯ ಮಸಾಜನ್ನು ತೆಗೆದುಕೊಂಡು, ಚಿಕ್ಕ ಮಕ್ಕಳಿಗಾಗಿ 12 ಹಂತಗಳ ಒಂದು ಕ್ರಮವನ್ನು ಬಳಕೆಗೆ ತಂದರು. ತರಬೇತುದಾರರು ತಂದೆತಾಯಿಯರಿಗೆ ಕಲಿಸಬೇಕು, ತಂದೆತಾಯಿಯರು ದಿನಕ್ಕೊಮ್ಮೆ 15 ನಿಮಿಷ, ತಿಂಗಳುಗಟ್ಟಲೆ ತಪ್ಪದೆ ಮಾಡಬೇಕು. 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 46 ಮಕ್ಕಳು, 2015ರ ಪರೀಕ್ಷೆಯಲ್ಲಿ 103 ಮಕ್ಕಳು. ಸ್ಪರ್ಶದ ತೊಂದರೆ, ನಿದ್ರೆ, ಹಟ ಇವುಗಳಲ್ಲಿ ಸುಧಾರಣೆ ಕಂಡಿತೆಂದೂ, ತಂದೆತಾಯಿಯರ ಮನಸ್ಸಿನ ಒತ್ತಡವೂ ಇಳಿಯಿತೆಂದೂ ಅವರು ಬರೆದಿದ್ದಾರೆ. ಚೀನೀಯರು ಹೇಳುವ ‘ಚಿ’ ಎಂಬ ಶಕ್ತಿಯ ವಿವರಣೆಯನ್ನು ನಾವು ಒಪ್ಪಲೇಬೇಕೆಂದಿಲ್ಲ. ಚರ್ಮ ಮತ್ತು ನರದ ಲೆಕ್ಕದಲ್ಲಿಯೇ ಅದನ್ನು ನೋಡಬಹುದು.

ಮಾಡುವ ರೀತಿ ಹೇಗೆ? ಮಗು ಚಾಪೆಯ ಮೇಲೆ ಮಲಗಿರಲಿ. ಬಟ್ಟೆ ತೆಗೆಯಬೇಕಾಗಿಲ್ಲ, ಎಣ್ಣೆಯೂ ಕಡ್ಡಾಯವಲ್ಲ. ತಲೆಯಿಂದ ಆರಂಭಿಸಿ ಕಾಲಬೆರಳಿನವರೆಗೆ, ಮೇಲಿಂದ ಕೆಳಗೆ ಮಾತ್ರ. ತಲೆ, ಕಿವಿಯ ಸುತ್ತು, ಬೆನ್ನು, ತೋಳು, ಬೆರಳುಗಳು, ಎದೆ, ಹೊಟ್ಟೆ, ಕಾಲು, ಪಾದ. ಅಂಗೈಯನ್ನು ಸ್ವಲ್ಪ ಬಟ್ಟಲಿನಂತೆ ಮಾಡಿ ಮೃದುವಾಗಿ ತಟ್ಟುವುದು, ಇಲ್ಲವೇ ಇಡೀ ಅಂಗೈಯಿಂದ ಒತ್ತುವುದು. ಇಲ್ಲಿಯೇ ಹಲವರು ಎಡವುತ್ತಾರೆ. ಮಗುವಿಗೆ ನೋವಾದೀತೆಂದು ಬೆರಳ ತುದಿಯಿಂದ ಹಗುರವಾಗಿ ಸವರುತ್ತಾರೆ. ಇಂಥ ಮಕ್ಕಳಲ್ಲಿ ಅನೇಕರಿಗೆ ಅದು ಕಚಗುಳಿಯೂ ಅಲ್ಲ, ಹಿತವೂ ಅಲ್ಲ, ಇರುವೆ ಹರಿದಂತಾಗುತ್ತದೆ. ನಿಧಾನವಾದ, ಭದ್ರವಾದ, ಒಂದೇ ಸಮನಾದ ಒತ್ತು ಬೇಕು. ಗ್ರ್ಯಾಂಡಿನ್ ಅವರ ಚೌಕಟ್ಟು ನೆನಪಿರಲಿ.

ಕಿವಿಯ ಹತ್ತಿರ ಅಥವಾ ಬೆರಳುಗಳಲ್ಲಿ ಮಗು ಕೈ ಕೊಸರಿದರೆ ಅದು ಹಟವಲ್ಲ, ಅಲ್ಲಿ ತಡೆಯಲಾಗುತ್ತಿಲ್ಲ ಎಂಬ ಸುದ್ದಿ. ಬಲವಂತ ಬೇಡ, ಆ ಜಾಗವನ್ನು ಶಾಶ್ವತವಾಗಿ ಬಿಟ್ಟುಬಿಡುವುದೂ ಬೇಡ. ತಟ್ಟುವುದನ್ನು ನಿಲ್ಲಿಸಿ ಒತ್ತಿ ನೋಡಿ, ಪಕ್ಕದ ಜಾಗಕ್ಕೆ ಹೋಗಿ ಮರಳಿ ಬನ್ನಿ, ಬೇಡವೆಂದರೆ ಆ ದಿನಕ್ಕೆ ಸಾಕು. ‘ಈಗ ಕೈ, ಈಗ ಕಾಲು’ ಎಂದು ಹೇಳುತ್ತ ಮಾಡಿದರೆ ಮುಂದೆ ಏನು ಬರುತ್ತದೆಂದು ಮಗುವಿಗೆ ತಿಳಿಯುತ್ತದೆ. ಇಬ್ಬರೂ ಮನೆಯಲ್ಲಿದ್ದರೆ ಒಬ್ಬರು ಮಾಡುವಾಗ ಇನ್ನೊಬ್ಬರು ಕೈ ಹಿಡಿದು ಕೂರಬಹುದು. ಇದು ಹೆಂಗಸರ ಕೆಲಸ ಎಂದು ಜಗಲಿಯಲ್ಲಿ ಪೇಪರ್ ಓದುವ ಅಪ್ಪಂದಿರಿಗೆ ಈ ಸಾಲು ವಿಶೇಷವಾಗಿ. ತೋಟದ ಕೆಲಸದಿಂದ ದಣಿದು ಸಿಟ್ಟಿನಲ್ಲಿದ್ದರೆ ಕೈಯೂ ಬಿರುಸಾಗುತ್ತದೆ. ಅಂಥ ದಿನ ಮಾಡದಿರುವುದೇ ಲೇಸು. ಮಗುವಿನ ‘ಬೇಡ’ಕ್ಕೆ ಬೆಲೆ ಕೊಡುವುದು ಇನ್ನೊಂದು ಕಾರಣಕ್ಕೂ ಅಗತ್ಯ. ತನ್ನ ಮೈ ಮುಟ್ಟಲು ಯಾರಿಗೂ ತನ್ನ ಒಪ್ಪಿಗೆ ಬೇಕೆಂದು ಅದು ಕಲಿಯಬೇಕು. ಹಾಗಾಗಿ ಈ ಕೆಲಸ ತಂದೆತಾಯಿಯರದು, ಊರಿನವರದಲ್ಲ.

ಜ್ವರ, ಗಾಯ, ಚರ್ಮದ ಹುಣ್ಣು ಇದ್ದಾಗ ಬೇಡ. ಅಪಸ್ಮಾರದ ಮಕ್ಕಳಿಗೆ ವೈದ್ಯರನ್ನು ಕೇಳದೆ ಆರಂಭಿಸಬಾರದು. ಕಿವಿಗೆ, ಮೂಗಿಗೆ ಎಣ್ಣೆ ಹೊಯ್ಯುವ ಹಳೆಯ ರೂಢಿಯನ್ನು ಯಾವ ಮಗುವಿಗೂ ಮಾಡಬೇಡಿ.

ಇನ್ನು ನೇರ ಮಾತು. ಮಸಾಜ್ ಆಟಿಸಂ ಅನ್ನು ಗುಣಪಡಿಸುವುದಿಲ್ಲ. ಗುಣಪಡಿಸುತ್ತೇವೆ ಎಂದು ಯಾರಾದರೂ ಪ್ಯಾಕೇಜ್ ಹೇಳಿ ಹಣ ಕೇಳಿದರೆ ಎದ್ದು ಬನ್ನಿ. 2011ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಅದುವರೆಗಿನ 6 ಅಧ್ಯಯನಗಳನ್ನು ಪರಿಶೀಲಿಸಿ, ಸಾಕ್ಷ್ಯ ಇನ್ನೂ ಸೀಮಿತ, ಅಧ್ಯಯನಗಳಲ್ಲಿ ಪಕ್ಷಪಾತದ ಸಂಭವ ಹೆಚ್ಚು ಎಂದಿತು. ಒರೆಗಾನಿನ ಪರೀಕ್ಷೆಗಳಲ್ಲಿಯೂ ಅಳತೆಯ ದೊಡ್ಡ ಪಾಲು ತಂದೆತಾಯಿಯರೇ ತುಂಬಿದ ಪ್ರಶ್ನಾವಳಿ. ತಿಂಗಳುಗಟ್ಟಲೆ ಶ್ರಮಿಸಿದವರ ಕಣ್ಣಿಗೆ ಸುಧಾರಣೆ ಸ್ವಲ್ಪ ಹೆಚ್ಚೇ ಕಾಣುವುದು ಸಹಜ. ಮಾತಿನ ತರಬೇತಿ, ಆಟದ ಮೂಲಕ ಕಲಿಕೆ, ಶಾಲೆ ಇವುಗಳ ಜಾಗದಲ್ಲಿ ಮಸಾಜ್ ನಿಲ್ಲಲಾರದು. ಜೊತೆಗಿರಬಹುದು, ಅಷ್ಟೇ. ಆದರೂ ನಾವು ಇದರ ಬಗ್ಗೆ ಬರೆಯುತ್ತಿರುವುದೇಕೆಂದರೆ ಇದಕ್ಕೆ ಖರ್ಚು ಹೆಚ್ಚಿಲ್ಲ, ಸರಿಯಾಗಿ ಮಾಡಿದರೆ ಹಾನಿಯ ಭಯ ಕಡಿಮೆ, ಮತ್ತು ರಾತ್ರಿ ಎರಡು ಗಂಟೆ ಹೆಚ್ಚು ನಿದ್ರಿಸುವ ಮಗು ಇಡೀ ಮನೆಗೆ ಉಸಿರು ಕೊಡುತ್ತದೆ.

ಕಾಗದ ನೋಡಿ ಕಲಿಯುವ ವಿದ್ಯೆ ಇದಲ್ಲ. ಒತ್ತು ಎಷ್ಟಿರಬೇಕೆಂದು ಕೈಯಿಂದ ಕೈಗೇ ತಿಳಿಯಬೇಕು. ಜಿಲ್ಲಾ ಮಟ್ಟದಲ್ಲಿರುವ ಮಕ್ಕಳ ಶೀಘ್ರ ಚಿಕಿತ್ಸಾ ಕೇಂದ್ರವನ್ನು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿ, ಅಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್ ಇದ್ದರೆ ತೋರಿಸಿಕೊಡಲು ಕೇಳಿ. ಕನ್ನಡದಲ್ಲಿಯೇ ಮಾತಿನ ತರಬೇತಿ ಬೇಕೆನ್ನುವ ನಮ್ಮ ಗಡಿನಾಡಿನ ಮನೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಆರಂಭಿಸುವ ಮೊದಲು ಒಂದು ನೋಟ್‌ಬುಕ್ ತನ್ನಿ. ಒಂದು ವಾರ ಏನೂ ಮಾಡದೆ ಬರೆಯಿರಿ: ರಾತ್ರಿ ಎಷ್ಟು ಹೊತ್ತಿಗೆ ಮಲಗಿತು, ಎಷ್ಟು ಸಲ ಎದ್ದಿತು, ತಲೆ ಬಾಚಲು ಬಿಟ್ಟಿತೇ, ಹಟ ಎಷ್ಟು ಸಲ. ಆಮೇಲೆ ಆರಂಭಿಸಿ, ತಿಂಗಳಿಗೊಮ್ಮೆ ಮತ್ತೆ ಅದೇ ಒಂದು ವಾರದ ಲೆಕ್ಕ. ಐದು ತಿಂಗಳಾದರೂ ನೋಟ್‌ಬುಕ್ಕಿನಲ್ಲಿ ಏನೂ ಬದಲಾಗದಿದ್ದರೆ ಬಿಟ್ಟುಬಿಡಿ, ಅದು ನಿಮ್ಮ ಕೈಯ ದೋಷವಲ್ಲ. ಬದಲಾಗಿದ್ದರೆ ಆ ಪುಟಗಳನ್ನು ವೈದ್ಯರಿಗೆ ತೋರಿಸಿ.