ಪದ ಅವರದು, ಧಾಟಿ ನಮ್ಮದು

ಗೋಗಿಗೆ ಹೊರಗಿನಿಂದ ಬರುವವರು ಹೆಚ್ಚಾಗಿ ಗೋರಿ ನೋಡಲು ಬರುತ್ತಾರೆ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಈ ಊರಲ್ಲಿ ಸೂಫಿ ಸಂತ ಚಂದಾ ಹುಸೇನಿ ಅವರ ದರ್ಗಾ ಇದೆ. ಅದರ ಆಸರೆಯಲ್ಲೇ ವಿಜಯಪುರದ ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್, ಅವನ ಮಗ ಇಸ್ಮಾಯಿಲ್, ಮೊಮ್ಮಗ ಒಂದನೇ ಇಬ್ರಾಹಿಂ ಮಲಗಿದ್ದಾರೆ. ಗೋಳಗುಮ್ಮಟದ ಅಬ್ಬರ ಕಂಡು ಬಂದವರಿಗೆ ಈ ಗೋರಿಗಳು ತೀರ ಸಾದಾ ಎನಿಸುತ್ತವೆ. ಆ ಒಂದನೇ ಇಬ್ರಾಹಿಮನ ಮೊಮ್ಮಗನೇ 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ. ‘ಕಿತಾಬ್-ಎ-ನವರಸ್’ ಎಂಬ ಹಾಡಿನ ಪುಸ್ತಕ ಬರೆದು ಅದರಲ್ಲಿ ಸರಸ್ವತಿ, ಗಣಪತಿಯರನ್ನು ನೆನೆದವನು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಮುದ್ದು ಮಾಡಿದವನು. ಅಜ್ಜ ಮಲಗಿದ ಸೀಮೆಯಲ್ಲಿ ಹಾಡು ಇನ್ನೂ ನಿಂತಿಲ್ಲ. ಆದರೆ ಅದನ್ನು ಕೇಳಬೇಕೆಂದರೆ ಗೋರಿ ನೋಡಿಕೊಂಡು ಸಂಜೆ ಬಸ್ಸಿಗೆ ಹೊರಟರೆ ಆಗದು. ರಾತ್ರಿ ಉಳಿಯಬೇಕು.

ಗೋಗಿ, ಶಹಾಪುರ, ಸುರಪುರದಿಂದ ಹಿಡಿದು ಕೃಷ್ಣೆಯ ದಂಡೆಯ ತಿಂಥಣಿಯವರೆಗೆ ಭಜನಾ ಮೇಳ ಇಲ್ಲದ ಊರು ಅಪರೂಪ. ಜನರ ಬಾಯಲ್ಲಿ ಅದು ‘ಮ್ಯಾಳ’. ಒಂದು ಪೇಟಿ ಅಂದರೆ ಹಾರ್ಮೋನಿಯಂ, ಒಂದು ಜೋಡಿ ತಬಲಾ, ದಮ್ಮಡಿ, ಏಕತಾರಿ, ಕೈಗೊಂದರಂತೆ ತಾಳ. ಹಗಲು ಭತ್ತದ ಗದ್ದೆಗೆ ನೀರು ಕಟ್ಟುವವ, ಟಂಟಂ ಓಡಿಸುವವ, ಬಡಗಿ, ಕಿರಾಣಿ ಅಂಗಡಿಯವ, ರಿಟೈರಾದ ಸಾಲಿ ಮಾಸ್ತರ ರಾತ್ರಿ ಊಟವಾದ ಮೇಲೆ ಗುಡಿಯ ಕಟ್ಟೆಗೆ ಬಂದು ಕೂತರೆ ಮೇಳ. ಅಮಾವಾಸ್ಯೆಗೆ ಭಜನೆ, ಶಿವರಾತ್ರಿಗೆ ಜಾಗರಣೆ, ಶ್ರಾವಣದಲ್ಲಿ ಪುರಾಣದ ಹಿಂದೆ ಮುಂದೆ ಹಾಡು. ಕೈಗೆ ಬರುವುದು ಚಹಾ, ಊಟ, ಹೆಚ್ಚೆಂದರೆ ಒಂದು ಟವೆಲ್ಲು, ಕಾಯಿ, ಹೋಗಿಬರುವ ಖರ್ಚು.

ಇವರಲ್ಲಿ ಸ್ವಂತ ಹಾಡು ಕಟ್ಟುವವರು ಕಡಿಮೆ. ಹಾಡುವುದೆಲ್ಲ ಯಾರೋ ಯಾವತ್ತೋ ಬರೆದ ಪದಗಳೇ. ನಗರದವರ ಭಾಷೆಯಲ್ಲಿ ಹೇಳುವುದಾದರೆ ಇವು ‘ಕವರ್ ಬ್ಯಾಂಡ್’ಗಳು. ಬೆಂಗಳೂರಿನ ಪಬ್ಬುಗಳಲ್ಲಿ ಶನಿವಾರ ರಾತ್ರಿ ಸೋಲ್, ಬ್ಲೂಸ್, ರಾಕ್ ನುಡಿಸುವ ತಂಡಗಳಿಗೆ ಈ ಹೆಸರು ಅಂಟಿಕೊಂಡಿದೆ. ಅದರಲ್ಲೊಂದು ಸಣ್ಣ ತಾತ್ಸಾರವೂ ಇದೆ: ಸ್ವಂತದ್ದಿಲ್ಲದವರು, ಬೇರೆಯವರ ಹಾಡಿನಲ್ಲಿ ಬದುಕುವವರು ಎಂದು. ನಮ್ಮಲ್ಲಿ ರಸಮಂಜರಿ ಆರ್ಕೆಸ್ಟ್ರಾದ ಗಾಯಕರನ್ನು ‘ಜೂನಿಯರ್’ ಇಂಥವರು ಎಂದು ಕರೆದು ಕೈಬಿಡುವುದೂ ಇದೇ ಮನಸ್ಸಿನಿಂದ. ಮೇಳದ ಕಟ್ಟೆಯ ಮೇಲೆ ಈ ತಾತ್ಸಾರಕ್ಕೆ ಜಾಗವೇ ಇಲ್ಲ. ಅಲ್ಲಿ ಸ್ವಂತ ಪದ ಹಾಡುತ್ತೇನೆ ಎಂದು ಮುಂದೆ ಬಂದವನನ್ನೇ ಮಂದಿ ಅನುಮಾನದಿಂದ ನೋಡುತ್ತಾರೆ.

ಅವರು ಹಾಡುವ ಪದಗಳ ದೊಡ್ಡ ಗಣಿ ಕಡಕೋಳ. ಅಲ್ಲಿನ ಮಡಿವಾಳಪ್ಪ 1855ರಲ್ಲಿ ತೀರಿಕೊಂಡ ತತ್ವಪದಕಾರ. ಖೈನೂರ ಕೃಷ್ಣಪ್ಪ, ಚನ್ನೂರ ಜಲಾಲಸಾಹೇಬ, ತೆಲಗಬಾಳ ರೇವಪ್ಪ, ರಾಮಪುರದ ಬಕ್ಕಪ್ಪ ಎಲ್ಲರೂ ಅವನ ಬಳಗ. ಜಾತಿ ಬೇರೆ, ಧರ್ಮ ಬೇರೆ, ಊರು ಬೇರೆ. ಅವರ ಜೊತೆಗೆ ತಿಂಥಣಿಯ ಮೌನೇಶ್ವರ, ಧಾರವಾಡದ ಕಡೆಯಿಂದ ಬಂದ ಶಿಶುನಾಳ ಶರೀಫ. ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳನ್ನು ಹತ್ತಾರು ಸಂಪುಟಗಳಲ್ಲಿ ಅಚ್ಚು ಹಾಕಿಸಿದೆ. ಮೇಳದವರ ಕೈಯಲ್ಲಿ ಇರುವುದು ಆ ಸಂಪುಟಗಳಲ್ಲ, ಎಣ್ಣೆ ಕುಡಿದು ಅಂಚು ಕರ್ರಗಾದ ಉದ್ದನೆಯ ನೋಟ್‌ಬುಕ್ಕು. ಅಪ್ಪನ ಅಕ್ಷರದಲ್ಲಿ ಶುರುವಾಗಿ ಮಗನ ಅಕ್ಷರದಲ್ಲಿ ಮುಂದುವರಿದಿರುತ್ತದೆ. ಸಂಪುಟದ ಪಾಠಕ್ಕೂ ನೋಟ್‌ಬುಕ್ಕಿನ ಪಾಠಕ್ಕೂ ಹತ್ತು ಕಡೆ ಫರಕು. ವಿದ್ವಾಂಸರು ಅದನ್ನು ಪಾಠಾಂತರ ಎನ್ನುತ್ತಾರೆ. ಮೇಳದವರಿಗೆ ತಮ್ಮ ನೋಟ್‌ಬುಕ್ಕೇ ಖರೆ.

ಈ ಪದಗಳಿಗೆ ಬೀಗವಿಲ್ಲ, ಆದರೆ ಒಂದು ಕಟ್ಟಳೆ ಇದೆ. ಕೊನೆಯ ನುಡಿಯಲ್ಲಿ ಬರುವ ಅಂಕಿತವನ್ನು ಬಿಡುವಂತಿಲ್ಲ. ನಡುವಿನ ನುಡಿ ಮರೆತರೆ ನಡೆಯುತ್ತದೆ, ಹಿಂದುಮುಂದಾದರೂ ಯಾರೂ ಬೈಯುವುದಿಲ್ಲ. ಆದರೆ ‘ಶಿಶುನಾಳಾಧೀಶ’ ಎಂದೋ ‘ಮಹಾಂತ’ ಎಂದೋ ಬರಬೇಕಾದ ಜಾಗಕ್ಕೆ ಬಾರದೆ ಹಾಡು ಮುಗಿಸಿದರೆ ಹಿಂದೆ ಕೂತ ಹಿರಿಯ ಕೆಮ್ಮುತ್ತಾನೆ. ಕಾಪಿರೈಟ್ ಕಾಯ್ದೆಗೂ ಬಹಳ ಮೊದಲೇ ಹುಟ್ಟಿದ ಈ ಏರ್ಪಾಡು ದುಡ್ಡು ಕೇಳುವುದಿಲ್ಲ, ಪರವಾನಗಿ ಕೇಳುವುದಿಲ್ಲ, ಹೆಸರು ಮಾತ್ರ ಕೇಳುತ್ತದೆ.

ಹೆಸರು ಹೇಳಿದ ಮೇಲೆ ಉಳಿದದ್ದೆಲ್ಲ ಮೇಳದ್ದು. ಮುಖ್ಯವಾಗಿ ಧಾಟಿ. ಜಾತ್ರೆಯ ಅಂಗಡಿಗಳಲ್ಲಿ ಸಿಗುವ ತೆಳ್ಳನೆಯ ಭಜನಾ ಪುಸ್ತಕ ತೆರೆದು ನೋಡಿ: ಪದದ ನೆತ್ತಿಯ ಮೇಲೆ ‘ಧಾಟಿ’ ಎಂದು ಬರೆದು ಪಕ್ಕದಲ್ಲಿ ಒಂದು ಸಿನಿಮಾ ಹಾಡಿನ ಹೆಸರಿರುತ್ತದೆ. ರಾಜ್‌ಕುಮಾರ್ ಪ್ರೇಮಗೀತೆಯ ಮಟ್ಟಿನಲ್ಲಿ ದೇಹ ನಶ್ವರವೆಂಬ ಉಪದೇಶ! ಮಡಿವಂತರಿಗೆ ಇದು ಅಪಚಾರ. ನನಗೆ ಹಾಗೆನಿಸುವುದಿಲ್ಲ. ಅದೇ ಪದವನ್ನು ಒಂದು ಊರು ನಿಧಾನ ದೀಪಚಂದಿಯಲ್ಲಿ ಎಳೆದು ಹಾಡಿದರೆ ಪಕ್ಕದ ಊರು ಕೇರವಾದಲ್ಲಿ ಕುಣಿಸುತ್ತದೆ. ಮೊದಲನೆಯದರಲ್ಲಿ ಸಾವಿನ ಅಂಜಿಕೆ ಕೇಳುತ್ತದೆ, ಎರಡನೆಯದರಲ್ಲಿ ಸಾವಿನ ಗೇಲಿ. ಮಾತು ಒಂದಕ್ಷರ ಬದಲಾಗಿರುವುದಿಲ್ಲ. ಅಮೆರಿಕದಲ್ಲಿ 1965ರಲ್ಲಿ ಓಟಿಸ್ ರೆಡಿಂಗ್ ‘ರೆಸ್ಪೆಕ್ಟ್’ ಎಂಬ ಹಾಡು ಹಾಡಿದ, ದುಡಿದು ಮನೆಗೆ ಬಂದ ಗಂಡಸಿನ ಬೇಡಿಕೆಯಾಗಿ. ಎರಡು ವರ್ಷದ ಮೇಲೆ ಅರೀತಾ ಫ್ರಾಂಕ್ಲಿನ್ ಅದನ್ನೇ ಎತ್ತಿಕೊಂಡು ಹೆಣ್ಣಿನ ತಾಕೀತಾಗಿ ಹಾಡಿದಳು. ಇವತ್ತು ಲೋಕಕ್ಕೆ ನೆನಪಿರುವುದು ಅವಳದ್ದು. ಬೇರೆಯವರ ಹಾಡನ್ನು ಹಾಡುವುದೆಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ.

ಮೇಳದಲ್ಲಿ ನೋಡಬೇಕಾದವನು ಪೇಟಿ ಮಾಸ್ತರ. ಕೂತ ಕೂಡಲೇ ಹಾಡುಗಾರನನ್ನು ಕೇಳುವುದು ಒಂದೇ: “ಎಷ್ಟರಾಗ ಹಿಡೀಲಿ?” ಕರಿ ಎರಡು, ಬಿಳಿ ನಾಕು ಎಂದು ಉತ್ತರ ಬರುತ್ತದೆ, ಪೇಟಿಯ ಯಾವ ಮನೆಯನ್ನು ಷಡ್ಜ ಮಾಡಿಕೊಳ್ಳಬೇಕು ಎಂಬ ಲೆಕ್ಕ ಅದು. ಫ್ರಾನ್ಸಿನ ಅಲೆಕ್ಸಾಂಡರ್ ದೆಬೆ 1842ರಲ್ಲಿ ಪೇಟೆಂಟ್ ಪಡೆದ ಕಾಲು ತುಳಿಯುವ ವಾದ್ಯವನ್ನು ಕೋಲ್ಕತ್ತದ ದ್ವಾರಕಾನಾಥ ಘೋಷ್ ನೆಲದ ಮೇಲೆ ಕೂತು ಕೈಯಲ್ಲಿ ಗಾಳಿ ಹಾಕುವಂತೆ ತಿದ್ದಿದ್ದರಿಂದ ಅದು ನಮ್ಮ ಗುಡಿಕಟ್ಟೆಗೆ ಬಂತು. ಅದಕ್ಕೆ ಮೀಂಡ್ ಬರುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರುವುದಿಲ್ಲ ಎಂಬುದು ದೊಡ್ಡ ಸಂಗೀತಗಾರರ ಹಳೆಯ ತಕರಾರು. ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟು 1971ರವರೆಗೂ ಒಳಗೆ ಬಿಟ್ಟುಕೊಳ್ಳಲಿಲ್ಲ. ತಕರಾರು ಸುಳ್ಳಲ್ಲ. ಆದರೆ ಒಳ್ಳೆಯ ಮಾಸ್ತರನ ಬಲಗೈಯನ್ನು ಹತ್ತಿರದಿಂದ ಗಮನಿಸಿ. ಹಾಡುಗಾರ ಗಾಂಧಾರದ ಹತ್ತಿರ ಬಂದು ಅದನ್ನು ಪೂರ್ತಿ ಮುಟ್ಟದೆ, ಕೋಮಲಕ್ಕೂ ಶುದ್ಧಕ್ಕೂ ನಡುವೆ ದನಿಯನ್ನು ಜಗ್ಗುವ ಗಳಿಗೆಯಲ್ಲಿ ಮಾಸ್ತರನ ಬೆರಳು ಮನೆಯಿಂದ ಮೇಲೇಳುತ್ತದೆ. ಎಡಗೈ ಗಾಳಿ ಹಾಕುತ್ತಲೇ ಇರುತ್ತದೆ, ಷಡ್ಜ ಒಂದೇ ಗುಂಯ್‌ಗುಡುತ್ತದೆ, ನಡುವಿನ ಜಾಗವನ್ನು ದನಿಗೇ ಬಿಟ್ಟುಕೊಟ್ಟಿರುತ್ತಾನೆ. ಬ್ಲೂಸ್ ಹಾಡುವವರ ಪ್ರಾಣ ಇರುವುದೂ ಮೂರನೆಯ, ಏಳನೆಯ ಸ್ವರಗಳನ್ನು ಹೀಗೆ ಬಗ್ಗಿಸುವುದರಲ್ಲೇ. ಅವರು ಗಿಟಾರಿನ ತಂತಿಯನ್ನು ಬೆರಳಲ್ಲಿ ಜಗ್ಗಿ, ಇಲ್ಲವೇ ಬಾಟಲಿಯ ಕುತ್ತಿಗೆ ಉಜ್ಜಿ ಅದನ್ನು ಸಾಧಿಸಿದರು.

ದಮ್ಮಡಿಯ ಕಥೆ ಬೇರೆ. ಮೊದಲು ಅದಕ್ಕೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಉಡ ಮುಟ್ಟಿದರೆ ಜೈಲು. ಈಗ ಪ್ಲಾಸ್ಟಿಕ್ಕಿನ ಮುಚ್ಚಿಗೆ ಬಂದಿದೆ. ಮಳೆಗಾಲದ ತಂಪಿಗೆ ಅದು ಸಡಿಲಾಗುವುದಿಲ್ಲ, ಬೆಂಕಿಗೆ ಹಿಡಿದು ಕಾಸುವ ಗೊಡವೆಯಿಲ್ಲ. ಹಳೆಯ ನಾದವೂ ಇಲ್ಲ.

ಹಾಡುವ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮುಂದಿನವ ಸೊಲ್ಲು ಎತ್ತುತ್ತಾನೆ, ಹಿಂದಿನವರು ಹಿಡಿಯುತ್ತಾರೆ. ನಡುರಾತ್ರಿಯವರೆಗೆ ದೇವರ ಸ್ತುತಿ, ಗುರುವಿನ ಸ್ತುತಿ. ಮಕ್ಕಳು ಮಲಗಿ, ಬರೀ ನೋಡಲು ಬಂದವರು ಎದ್ದುಹೋದ ಮೇಲೆ ಒಗಟಿನಂಥ ಪದಗಳು ಹೊರಬರುತ್ತವೆ. ಎರಡು ಮೇಳ ಎದುರುಬದುರು ಕೂತಿದ್ದರೆ ಸವಾಲ್-ಜವಾಬ್: ಇವರು ಒಂದು ಪದದಲ್ಲಿ ಪ್ರಶ್ನೆ ಹಾಕಬೇಕು, ಅವರು ಇನ್ನೊಂದು ಪದದಲ್ಲಿ ಉತ್ತರ ಕೊಡಬೇಕು. ನೋಟ್‌ಬುಕ್ಕು ತೆಳ್ಳಗಿದ್ದ ಮೇಳಕ್ಕೆ ಆ ರಾತ್ರಿ ಬಹಳ ಉದ್ದ.

ಯಾರಾದರೂ ತೀರಿಕೊಂಡರೆ ಮೊದಲು ಸುದ್ದಿ ಹೋಗುವುದು ಬೀಗರಿಗೆ, ಆಮೇಲೆ ಮೇಳಕ್ಕೆ. ಹೆಣದ ಮುಂದೆ ರಾತ್ರಿಯಿಡೀ ಭಜನೆ, ಬೆಳಿಗ್ಗೆ ಮೆರವಣಿಗೆಯ ಮುಂದೆಯೂ ಅದೇ. ಅಲ್ಲಿ ಮೈಕಿಲ್ಲ, ಚಪ್ಪಾಳೆಯಿಲ್ಲ. ಸತ್ತವನು ಮೇಳದವನೇ ಆಗಿದ್ದರೆ ಅವನು ಹಾಡುತ್ತಿದ್ದ ಪದವನ್ನು ಅವನ ಧಾಟಿಯಲ್ಲೇ ಹಾಡುತ್ತಾರೆ. ದೂರದ ನ್ಯೂ ಆರ್ಲಿಯನ್ಸಿನಲ್ಲಿ ಶವದ ಜೊತೆ ಹಿತ್ತಾಳೆ ವಾದ್ಯದವರು ಹೋಗುವಾಗ ಶೋಕವನ್ನೂ ಬರುವಾಗ ಕುಣಿತದ ಹಾಡನ್ನೂ ನುಡಿಸುತ್ತಾರೆ. ನಮ್ಮವರು ಬರುವಾಗ ಸುಮ್ಮನೆ ಬರುತ್ತಾರೆ.

ಮೊಹರಂ ತಿಂಗಳಲ್ಲಿ ಇದೇ ದನಿಗಳು ಜಾಗ ಬದಲಿಸುತ್ತವೆ. ಗುಡಿಕಟ್ಟೆ ಬಿಟ್ಟು ಬೆಂಕಿ ಹಾಕುವ ಅಲೈ ಕುಣಿಯ ಸುತ್ತ ಹೋಗುತ್ತವೆ. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳಿನಲ್ಲಿ ನೀರಿಲ್ಲದೆ ಕಾದಾಡಿ ಮಡಿದ ಹುಸೇನರ ಕಥೆ ಕನ್ನಡದ ರಿವಾಯತ ಪದವಾಗಿ, ಹಲಗಿಯ ಪೆಟ್ಟಿಗೆ ಹೆಜ್ಜೆಯಾಗಿ ಬರುತ್ತದೆ. ಹಾಡುವವರಲ್ಲಿ ಯಾರು ಯಾವ ಮತದವರೆಂದು ಗುರುತಿಸಹೊರಟರೆ ಸೋಲುತ್ತೀರಿ. ರಹಮತ್ ತರೀಕೆರೆ ಅವರು ಕರ್ನಾಟಕದ ಸೂಫಿಗಳ ಬಗ್ಗೆ, ಮೊಹರಂ ಬಗ್ಗೆ ಊರೂರು ತಿರುಗಿ ಬರೆದಿದ್ದಾರೆ; ಇದನ್ನೆಲ್ಲ ಬಲ್ಲವರಾಗಬೇಕಾದರೆ ಓದಲೇಬೇಕು. ಆದರೆ ಹಲಗಿ ಬಾರಿಸುವವರ ಬಗ್ಗೆ ಒಂದು ಮಾತು ಹೇಳಬೇಕು. ಹಬ್ಬದಲ್ಲಿ ಅವರಿಲ್ಲದೆ ಒಂದು ಹೆಜ್ಜೆ ಏಳುವುದಿಲ್ಲ. ಮರುದಿನ ಗುಡಿಯ ಭಜನೆಗೆ ಪೇಟಿಯ ಪಕ್ಕ ಅವರಿಗೆ ಜಾಗ ಇರುತ್ತದೆಯೇ ಎಂದು ಕೇಳಿದರೆ ಎಷ್ಟೋ ಊರುಗಳು ಮಾತು ಬದಲಿಸುತ್ತವೆ. ಜಾತಿಯನ್ನು ಹರಿದುಹಾಕಿದ ಪದಗಳನ್ನೇ ಹಾಡುತ್ತ ಜಾತಿ ನೋಡಿ ಕೂರುವುದು ಹೇಗೆ ಸಾಧ್ಯವೋ ನನಗಂತೂ ತಿಳಿಯದು. ಹೆಣ್ಣುಮಕ್ಕಳ ಮಂಡಳಿಗಳು ಈಗ ಬೇರೆಯಾಗಿ ಎದ್ದಿವೆ, ಒಳ್ಳೆಯದೇ. ರಾತ್ರಿಯ ಮೇಳ ಇನ್ನೂ ಬಹುಪಾಲು ಗಂಡಸರದ್ದೇ.

ಸುಗ್ಗಿ ಮುಗಿದ ಮೇಲೆ ಮೇಳಗಳು ತೆಳ್ಳಗಾಗುತ್ತವೆ. ಜನ ಗುಳೆ ಹೋಗುತ್ತಾರೆ, ಬೆಂಗಳೂರಿಗೆ, ಮುಂಬೈಗೆ, ಪುಣೆಗೆ. ತಬಲಾದವ ಸೆಂಟ್ರಿಂಗ್ ಕೆಲಸಕ್ಕೆ ಹೋದರೆ ಜಾತ್ರೆಗೇ ವಾಪಸು. ಬ್ಲೂಸಿನ ಚರಿತ್ರೆಯೂ ಗುಳೆಯ ಚರಿತ್ರೆಯೇ. ಮಿಸಿಸಿಪ್ಪಿಯ ಹತ್ತಿ ಹೊಲದಲ್ಲಿ ದುಡಿಯುತ್ತಿದ್ದ ಮಡ್ಡಿ ವಾಟರ್ಸ್‌ನನ್ನು 1941ರಲ್ಲಿ ಜನಪದ ಹಾಡುಗಳ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಅವನ ಗುಡಿಸಲಲ್ಲೇ ಧ್ವನಿಮುದ್ರಿಸಿದ. 1943ರಲ್ಲಿ ಅವನು ರೈಲು ಹತ್ತಿ ಶಿಕಾಗೋಗೆ ಹೋದ. ಅಲ್ಲಿನ ಗದ್ದಲದಲ್ಲಿ ಕಟ್ಟಿಗೆಯ ಗಿಟಾರು ಕೇಳಿಸದೆ ಎಲೆಕ್ಟ್ರಿಕ್ ಗಿಟಾರು ಹಿಡಿದ. ಅವನ 1950ರ ಒಂದು ಹಾಡಿನಿಂದ ಹೆಸರು ಎತ್ತಿಕೊಂಡು, ಅವನಂಥವರ ಹಾಡುಗಳನ್ನೇ ಹಾಡುತ್ತ ಮೇಲೆ ಬಂದ ಲಂಡನ್ನಿನ ಹುಡುಗರು ರೋಲಿಂಗ್ ಸ್ಟೋನ್ಸ್. 2003ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹಾಡಿದರು. ಎರಡು ವರ್ಷದ ಮೇಲೆ ಅದೇ ಮೈದಾನದಲ್ಲಿ ಗಾಯಕ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ಎಂಬ ಹಾಡಿನ ಕಾರ್ಯಕ್ರಮ ಮಾಡಿದಾಗ ಜನಸಾಗರ. 2008ರಲ್ಲಿ ಮೈಸೂರಿನ ರಘು ದೀಕ್ಷಿತ್ ತನ್ನ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಪದಕ್ಕೆ ಗಿಟಾರು, ಡ್ರಮ್ಸು ಕೂಡಿಸಿದಾಗ ಪೇಟೆಯ ಹುಡುಗರಿಗೆ ಶರೀಫ ಹೊಸದಾಗಿ ಸಿಕ್ಕ. ಮೇಳದ ಹುಡುಗರಿಗೂ ಅದು ಮೊಬೈಲಿನಲ್ಲಿ ತಲುಪಿದೆ. ಕೆಲವರು ಆ ಧಾಟಿಯನ್ನೂ ಪೇಟಿಯ ಮೇಲೆ ಇಳಿಸಿಕೊಂಡಿದ್ದಾರೆ. ಪದ ಹೊರಟಲ್ಲಿಗೇ ಬೇರೆ ಬಟ್ಟೆ ಹಾಕಿಕೊಂಡು ಬಂದಿದೆ, ಅಂಕಿತ ಹಾಗೇ ಇದೆ.

ಡಿಜೆ ಬಂದು ಮೇಳ ಹಾಳಾಯಿತೆಂದು ಹೇಳುವವರಿದ್ದಾರೆ. ಮದುವೆ, ಗಣಪತಿ ಮೆರವಣಿಗೆಗಳು ಡಿಜೆ ಪಾಲಾಗಿರುವುದು ನಿಜ. ಆದರೆ ಹೆಣದ ಮುಂದೆ ಡಿಜೆ ಹಚ್ಚುವವರಿಲ್ಲ, ಜಾಗರಣೆಯ ಸವಾಲಿಗೆ ಡಿಜೆ ಜವಾಬು ಕೊಡುವುದಿಲ್ಲ. ಅಲ್ಲಿ ಮನುಷ್ಯರೇ ಬೇಕು. ನಿಜವಾದ ಕಷ್ಟ ಪೇಟಿ ಕಲಿಸುವವರದ್ದು. ಹಾಡುವ ಹುಡುಗರು ಸಿಗುತ್ತಾರೆ, ಬೆರಳು ಯಾವಾಗ ಎತ್ತಬೇಕೆಂದು ಹೇಳಿಕೊಡುವ ಮಾಸ್ತರರು ಊರಿಗೊಬ್ಬರೂ ಉಳಿದಿಲ್ಲ.

ಕೇಳಬೇಕೆನಿಸಿದವರು ಶಿವರಾತ್ರಿಗೆ ಶಹಾಪುರದ ಸುತ್ತಿನ ಯಾವ ಊರಿಗಾದರೂ ಹೋಗಬಹುದು. ಕರೆಯೋಲೆ ಬೇಕಿಲ್ಲ. ಹನ್ನೆರಡರ ಮೇಲೆ ಹೋಗಿ, ಅದಕ್ಕೂ ಮೊದಲು ಮೈಕ್ ಟೆಸ್ಟಿಂಗು ಮತ್ತು ದೇಣಿಗೆ ಕೊಟ್ಟವರ ಹೆಸರುಗಳೇ ಜಾಸ್ತಿ. ಮೊಬೈಲು ಎತ್ತಿ ಹಾಡುಗಾರನ ಮುಂದೆ ನಿಲ್ಲಬೇಡಿ; ಹಿಂದಿನ ಸಾಲಿನವರ ನಡುವೆ ಕೂತರೆ ಯಾರಾದರೂ ಕೈಗೆ ಒಂದು ಜೋಡಿ ತಾಳ ಕೊಡುತ್ತಾರೆ. ತಪ್ಪಿದರೆ ಮೊದಲ ಪದಕ್ಕೆ ಸುಮ್ಮನಿರುತ್ತಾರೆ, ಎರಡನೆಯದಕ್ಕೆ ತಿರುಗಿ ನೋಡುತ್ತಾರೆ, ಮೂರನೆಯದಕ್ಕೆ ತಾಳ ಇಸಿದುಕೊಂಡು ಚಹಾ ಕೊಡುತ್ತಾರೆ.