ಹಳೆಯ ಲ್ಯಾಪ್‌ಟಾಪ್: ಮಾರಾಟಕ್ಕೆ ಮೊದಲು ಪರೀಕ್ಷೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ಹಳೆಯ ಲ್ಯಾಪ್‌ಟಾಪ್ ಹಿಡಿದು ಖಾನಾಪುರದಿಂದ ಬೆಳಗಾವಿಯ ಅಂಗಡಿಗೆ ಬರುವ ಶಿಕ್ಷಕರಿಗೆ ಹೊಸದನ್ನೇ ಕೊಳ್ಳಿರೆಂದು ಹೇಳುವುದು ಸುಲಭ. ಆದರೆ ಮೊದಲು ಯಂತ್ರವನ್ನು ಪರೀಕ್ಷಿಸುವುದು ವರ್ತಕರಿಗೆ ಶ್ರೇಯಸ್ಕರ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಭದ್ರತಾ ವ್ಯವಸ್ಥೆ, ಮಾನ್ಯತೆ ಪಡೆದ ಪ್ರೊಸೆಸರ್, ಕನಿಷ್ಠ 4 ಜಿಬಿ ರ್‍ಯಾಮ್ ಮತ್ತು 64 ಜಿಬಿ ಸಂಗ್ರಹಣೆ ಅವಶ್ಯ. ಇವು ಇಲ್ಲದ ಯಂತ್ರಕ್ಕೆ ಉಚಿತವಾದ ಲಿನಕ್ಸ್ ಅಳವಡಿಸಬಹುದು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ವೇಗವೂ ಹೆಚ್ಚುವುದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ನುಡಿಯ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಗಳು, ಆ ಫಾಂಟು ಇಲ್ಲದ ಗಣಕದಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ. ಆದುದರಿಂದ ಕಡತಗಳ ಪ್ರತಿ ತೆಗೆದಿರಿಸಿ, ಯುನಿಕೋಡ್‌ಗೆ ಪರಿವರ್ತಿಸಿದ ಬಳಿಕವೇ ಕೆಲಸಕ್ಕೆ ಕೈಹಾಕಬೇಕು. ಕಣಕುಂಬಿಯಂತಹ ಮಳೆನಾಡಿನ ಊರುಗಳ ಗ್ರಾಹಕರಿಗೆ ಬ್ಯಾಟರಿಯ ಸ್ಥಿತಿಯನ್ನೂ ತಿಳಿಸತಕ್ಕದ್ದು.

ಬದಲಿಸಿದ ಭಾಗ, ದರ, ವಾರಂಟಿಯ ಅವಧಿ ಬಿಲ್ಲಿನಲ್ಲಿ ಸ್ಪಷ್ಟವಾಗಿರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ವಯ ಸೇವೆಯ ಲೋಪಕ್ಕೂ ದೂರು ಸಲ್ಲಿಸಬಹುದು. ಇಂದಿನ ದುರಸ್ತಿಯಿಂದ ಬರುವ ಲಾಭ ಅಲ್ಪವಾದರೂ, ನಂಬಿಕೆಯುಳ್ಳ ಶಿಕ್ಷಕರು ಶಾಲೆಯ ಮುಂದಿನ ಖರೀದಿಗೆ ಅದೇ ಅಂಗಡಿಯ ಹೆಸರನ್ನು ಸೂಚಿಸುವರು.