ನಲ್ಲಿ ನೀರು ಕಟ್ಟಿದ ಊಟದ ಮನೆಗಳು

ಸಿಂಗಪುರದಲ್ಲಿ ಎಲ್ಲಿ ಉಣ್ಣಬೇಕು ಎಂದು ಕೇಳಿದರೆ ಅಲ್ಲಿನವರು ಹೋಟೆಲಿನ ಹೆಸರು ಹೇಳುವುದು ಕಡಿಮೆ. ಮ್ಯಾಕ್ಸ್‌ವೆಲ್, ನ್ಯೂಟನ್, ಓಲ್ಡ್ ಏರ್‌ಪೋರ್ಟ್ ರೋಡ್, ಟೆಕ್ಕಾ ಎಂದು ಹಾಕರ್ (ಬೀದಿ ವ್ಯಾಪಾರಿ) ಸೆಂಟರುಗಳ ಹೆಸರು ಹೇಳುತ್ತಾರೆ. ಸುತ್ತ ಗೋಡೆಯಿಲ್ಲದ ದೊಡ್ಡ ಮಾಡು, ತಲೆಯ ಮೇಲೆ ತಿರುಗುವ ಫ್ಯಾನು, ಸಾಲುಸಾಲು ಪುಟ್ಟ ಅಂಗಡಿ, ನಡುವೆ ನೆಲಕ್ಕೆ ಬಿಗಿದ ಮೇಜು, ಸ್ಟೂಲು. ಒಂದು ಅಂಗಡಿಯಲ್ಲಿ ಹೈನಾನ್ ದ್ವೀಪದ ಕೋಳಿ ಅನ್ನ, ಪಕ್ಕದಲ್ಲಿ ಕ್ಯಾಂಟನ್ ಕಡೆಯ ವಾಂಟನ್ ನೂಡಲ್ಸ್, ಎದುರಿಗೆ ಮಲಯ್ ಜನರ ಸಾತೇ, ಮೂಲೆಯಲ್ಲಿ ತಮಿಳು ಮುಸ್ಲಿಮರ ಪರಾಟ, ಅದರಾಚೆ ಬಟಾಣಿ ಹಾಕಿದ ಇಂಗ್ಲಿಷರ ಚಾಪ್. ಇಂಥ ಸೆಂಟರುಗಳು ಆ ಪುಟ್ಟ ದೇಶದಲ್ಲಿ 110ಕ್ಕೂ ಹೆಚ್ಚಿವೆ. ಚೀನಾದ ಐದಾರು ಸೀಮೆಗಳ ಅಡುಗೆಯನ್ನೂ ಹೊರದೇಶಗಳ ಅಡುಗೆಯನ್ನೂ ಒಂದೇ ಮೇಜಿಗೆ ತಂದುಕೊಂಡು, ಜೇಬಿಗೆ ಭಾರವಾಗದಂತೆ ಉಣ್ಣಬಹುದಾದ ಇಂಥ ಜಾಗ ಪ್ರವಾಸಿಗೆ ಬೇರೆಡೆ ಸಿಗುವುದು ಕಷ್ಟ.

ಮೊದಲ ಸಲ ನೋಡಿದವರಿಗೆ ಇದು ತಾನಾಗಿ ಬೆಳೆದ ಸಂತೆ ಅನ್ನಿಸಬಹುದು. ಆದರೆ ಇದರ ಹಿಂದೆ ಒಂದು ಸರ್ಕಾರಿ ತೀರ್ಮಾನವಿದೆ. ಆ ತೀರ್ಮಾನಕ್ಕೆ ಕಾರಣವಾದದ್ದು ನೀರು ಮತ್ತು ಚರಂಡಿ. ರುಚಿಯ ಮಾತು ಬಂದಾಗಲೆಲ್ಲ ನಾವು ಕೈಗುಣವನ್ನು ಹೊಗಳುತ್ತೇವೆ. ಸಿಂಗಪುರದ ಊಟದ ಕತೆಯಲ್ಲಿ ಕೈಗುಣಕ್ಕೆ ಎಷ್ಟು ಪಾಲಿದೆಯೋ ನಲ್ಲಿಗೂ ಅಷ್ಟೇ ಪಾಲಿದೆ ಎಂದು ನಾನು ನಂಬುತ್ತೇನೆ.

ಮೊದಲು ಕೈಗುಣ ಎಲ್ಲಿಂದ ಬಂತು ಎಂಬುದನ್ನು ನೋಡೋಣ. 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸ್ಟ್ಯಾಮ್‌ಫರ್ಡ್ ರಾಫಲ್ಸ್ ಇಲ್ಲಿ ವ್ಯಾಪಾರದ ನೆಲೆ ಹೂಡಿದ ಮೇಲೆ ದಕ್ಷಿಣ ಚೀನಾದ ಕರಾವಳಿಯ ಜನ ಹಡಗು ಹತ್ತಿದರು. 1822ರ ನಗರ ಯೋಜನೆ ಚೀನೀಯರಿಗೆ ನದಿಯ ನೈಋತ್ಯ ದಂಡೆಯನ್ನು ಕೊಟ್ಟಿತು. ಬಂದವರು ಹಾಗೇ ಬೆರೆತು ಕೂರಲಿಲ್ಲ, ಮಾತಿಗೊಂದು ಕೇರಿ ಮಾಡಿಕೊಂಡರು. ಫುಜಿಯಾನ್ ಪ್ರಾಂತದ ಹೊಕಿಯೆನ್ನರು ತೆಲೋಕ್ ಆಯರ್ ಬೀದಿಯಲ್ಲಿ, ತಿಯೋಚ್ಯೂಗಳು ನದಿಯ ದಂಡೆಯಲ್ಲಿ, ಕ್ಯಾಂಟನೀಯರು ಕ್ರೇತಾ ಆಯರ್‌ನಲ್ಲಿ ನೆಲೆಸಿದರು. ತಡವಾಗಿ ಬಂದ ಹೈನಾನಿನವರಿಗೆ ಸಿಕ್ಕಿದ್ದು ಮಿಡಲ್ ರೋಡಿನ ಸುತ್ತಲ ಓಣಿಗಳು. ಬಂದವರಲ್ಲಿ ಬಹುಪಾಲು ಒಂಟಿ ಗಂಡಸರು, ಮೂಟೆ ಹೊರುವ ಕೂಲಿಗಳು. ಒಂದೇ ಕೋಣೆಯಲ್ಲಿ ಹತ್ತಾರು ಜನ ಮಲಗುತ್ತಿದ್ದ ಆ ವಠಾರಗಳಲ್ಲಿ ಒಲೆ ಹೂಡಲು ಜಾಗವಿರಲಿಲ್ಲ. ಹೆಗಲ ಮೇಲೆ ಅಡ್ಡೆ ಹೊತ್ತು, ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ಬಟ್ಟಲು ಕಟ್ಟಿಕೊಂಡು ಬೀದಿ ತಿರುಗುವ ವ್ಯಾಪಾರಿಯೇ ಅವರ ಅಡುಗೆಮನೆ.

ಪ್ರತಿ ಕೇರಿಯವರೂ ತಮ್ಮ ಊರಿನ ರುಚಿಯನ್ನೇ ಕೇಳಿದರು. ಹೊಕಿಯೆನ್ನರಿಗೆ ಸೀಗಡಿ ಸಾರಿನಲ್ಲಿ ಬೇಯಿಸಿ ಹುರಿದ ದಪ್ಪ ಹಳದಿ ನೂಡಲ್ಸ್ ಬೇಕು. ತಿಯೋಚ್ಯೂಗಳಿಗೆ ತಿಳಿ ಮೀನು ಸಾರು, ತೆಳು ಗಂಜಿ, ಅಕ್ಕಿಹಿಟ್ಟು ಮತ್ತು ಮೂಲಂಗಿಯ ಹಲ್ಲೆಗಳನ್ನು ಮೊಟ್ಟೆಯೊಡನೆ ಹುರಿದ ಚಾಯ್ ತೌ ಕ್ವೇ ಬೇಕು. ಹಕ್ಕಾ ಜನರದು ಹೂರಣ ತುಂಬಿದ ತೋಫು, ಚಹಾ ಎಲೆ, ಎಳ್ಳು, ಕಡಲೆಕಾಯಿ ಅರೆದು ಸೊಪ್ಪು ಅನ್ನದ ಮೇಲೆ ಸುರಿಯುವ ಲೇ ಚಾ. ಹಂದಿ ಪಕ್ಕೆಲುಬಿನ ಸಾರೊಂದರಲ್ಲೇ ಎರಡು ಪಂಗಡ: ತಿಯೋಚ್ಯೂ ಸಾರು ಮೆಣಸಿನ ಘಾಟಿನದು, ಹೊಕಿಯೆನ್ ಸಾರು ಗಿಡಮೂಲಿಕೆಯ ಕಪ್ಪು ಬಣ್ಣದ್ದು. ಈ ವ್ಯತ್ಯಾಸಗಳು ಇಂದಿಗೂ ಉಳಿದಿರುವುದು ನನಗೆ ತುಂಬ ಪ್ರಿಯವಾದ ಸಂಗತಿ. ನಮ್ಮ ಊರುಗಳಲ್ಲಿ ‘ಚೈನೀಸ್’ ಎಂದು ಒಂದೇ ಬಾಣಲೆಯಲ್ಲಿ ಹುರಿದು ಕೊಡುವುದನ್ನು ಉಂಡು ಬೆಳೆದವರಿಗೆ ಚೀನಾದ ಒಂದೊಂದು ಜಿಲ್ಲೆಗೂ ಬೇರೆ ನಾಲಿಗೆಯಿದೆ ಎಂಬುದು ಇಲ್ಲಿ ಮೊದಲ ತುತ್ತಿಗೇ ಗೊತ್ತಾಗುತ್ತದೆ.

ಹೈನಾನಿನವರ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅವರು ಬರುವ ಹೊತ್ತಿಗೆ ಒಳ್ಳೆಯ ವ್ಯಾಪಾರಗಳೆಲ್ಲ ಮೊದಲು ಬಂದವರ ಪಾಲಾಗಿದ್ದವು. ಬ್ರಿಟಿಷರ ಬಂಗಲೆ, ಹಡಗು, ಹೋಟೆಲುಗಳಲ್ಲಿ ಅಡುಗೆಯವರಾಗಿ ಸೇರುವುದೊಂದೇ ಅವರಿಗೆ ಉಳಿದ ದಾರಿ. ಅಲ್ಲಿ ಕಲಿತ ಚಾಪ್, ಸ್ಟ್ಯೂಗಳನ್ನು ಸೋಯಾ ಸಾಸಿನ ಕೈಯಲ್ಲಿ ತಮ್ಮದಾಗಿಸಿಕೊಂಡರು. ಜೊತೆಗೆ ತಮ್ಮ ದ್ವೀಪದ ವೆಂಚಾಂಗ್ ಕೋಳಿಯ ಪದ್ಧತಿಯನ್ನು ಬಿಡಲಿಲ್ಲ. ಕೋಳಿಯನ್ನು ಕುದಿ ತಾಗದಂತೆ ಸಣ್ಣ ಶಾಖದಲ್ಲಿ ಬೇಯಿಸಿ, ಆ ಸಾರು, ಕೋಳಿ ಕೊಬ್ಬು, ಶುಂಠಿ, ಬೆಳ್ಳುಳ್ಳಿಗಳಲ್ಲಿ ಅನ್ನ ಮಾಡಿ, ಇಲ್ಲಿನ ಮೆಣಸಿನಕಾಯಿ ಮತ್ತು ನಿಂಬೆಯ ಚಟ್ನಿ ಸೇರಿಸಿದರು. ಬುಟ್ಟಿಯಲ್ಲಿ ಹೊತ್ತು ಮಾರುತ್ತಿದ್ದ ಈ ಅನ್ನಕ್ಕೆ ಹೆಸರು ತಂದದ್ದು 1947ರಿಂದ 1997ರವರೆಗೆ ಮಿಡಲ್ ರೋಡಿನಲ್ಲಿ ನಡೆದ ಸ್ವೀ ಕೀ ಎಂಬ ಅಂಗಡಿ. ಇಂದು ಅದು ಸಿಂಗಪುರದ ರಾಷ್ಟ್ರೀಯ ತಿನಿಸು ಎನ್ನುವಷ್ಟು ದೊಡ್ಡದಾಗಿದೆ. 1971ರ ಹೊತ್ತಿಗೆ ಬ್ರಿಟಿಷ್ ಸೇನೆ ಜಾಗ ಖಾಲಿ ಮಾಡಿದಾಗ ಕೆಲಸ ಕಳೆದುಕೊಂಡ ಅಡುಗೆಯವರಲ್ಲಿ ಹಲವರು ಸ್ವಂತ ಅಂಗಡಿ ಇಟ್ಟರು. ಹಾಕರ್ ಸೆಂಟರಿನ ‘ವೆಸ್ಟರ್ನ್ ಫುಡ್’ ಫಲಕದ ಬೇರು ಅಲ್ಲಿದೆ.

ಭಾರತದವರ ಪಾಲೂ ಕಡಿಮೆಯದಲ್ಲ. ಚೀನೀ ಹಳದಿ ನೂಡಲ್ಸಿಗೆ ಟೊಮೆಟೊ, ಖಾರ ಹಾಕಿ ಕೆಂಪಗೆ ಹುರಿದ ಮೀ ಗೋರೆಂಗ್ ಭಾರತೀಯ ಮುಸ್ಲಿಮರ ಕೈಯಲ್ಲಿ ರೂಪ ತಳೆಯಿತು. ಮೀನಿನ ತಲೆಯ ಸಾರನ್ನು 1949ರಲ್ಲಿ ಸೋಫಿಯಾ ರೋಡಿನ ತಮ್ಮ ಅಂಗಡಿಯಲ್ಲಿ ಬಡಿಸಲು ಶುರು ಮಾಡಿದವರು ಕೇರಳದಿಂದ ಬಂದ ಎಂ. ಜೆ. ಗೋಮೆಜ್. ತಲೆಯನ್ನು ಇಷ್ಟಪಡುವವರು ಚೀನೀ ಗಿರಾಕಿಗಳು, ಹುಣಸೆ ಹುಳಿಯ ಸಾರು ಮಲಯಾಳಿಗಳದು.

ಇಷ್ಟೆಲ್ಲ ರುಚಿ ಬೀದಿಯಲ್ಲಿತ್ತು, ನೀರು ಮಾತ್ರ ಇರಲಿಲ್ಲ. ಒಂದು ಬಕೆಟ್ ನೀರಿನಲ್ಲಿ ದಿನವಿಡೀ ಬಟ್ಟಲು ತೊಳೆಯಬೇಕು. ಎಂಜಲು ಚರಂಡಿಗೆ, ಚರಂಡಿ ನದಿಗೆ. ಇಲಿ, ನೊಣ, ಕಾಲರಾ, ಟೈಫಾಯ್ಡ್. ಬ್ರಿಟಿಷ್ ಆಡಳಿತ ಆಗಾಗ ಗಾಡಿಗಳನ್ನು ಎತ್ತಿಹಾಕಿತು, ದಂಡ ಹಾಕಿತು, 1950ರಲ್ಲಿ ವಿಚಾರಣಾ ಆಯೋಗವನ್ನೂ ನೇಮಿಸಿತು. ಬೀದಿ ಬದಲಾಗಲಿಲ್ಲ. ಬೇರೆ ಕೆಲಸ ಸಿಗದವನು ಮರುದಿನ ಇನ್ನೊಂದು ತಿರುವಿನಲ್ಲಿ ಒಲೆ ಹಚ್ಚುತ್ತಿದ್ದ.

1965ರಲ್ಲಿ ಸ್ವತಂತ್ರವಾದ ದೇಶ ಬೇರೆ ದಾರಿ ಹಿಡಿಯಿತು. 1968-69ರಲ್ಲಿ ದ್ವೀಪದಾದ್ಯಂತ ಬೀದಿ ವ್ಯಾಪಾರಿಗಳ ನೋಂದಣಿ ನಡೆದು ಸುಮಾರು 18 ಸಾವಿರ ಹೆಸರುಗಳು ದಾಖಲಾದವು. ಅವರಿಗೆ ಮೊದಲು ಪರವಾನಗಿ ಸಿಕ್ಕಿತು, ಆಮೇಲೆ ಜಾಗ. 1971ರಿಂದ 1986ರವರೆಗೆ ಹೊಸ ವಸತಿ ಬಡಾವಣೆಗಳ ನಡುವೆ, ಮಾರುಕಟ್ಟೆಗಳ ಪಕ್ಕದಲ್ಲಿ ಒಂದರ ಹಿಂದೊಂದು ಸೆಂಟರುಗಳು ಎದ್ದವು. ಪ್ರತಿ ಅಂಗಡಿಗೂ ನಲ್ಲಿ, ವಿದ್ಯುತ್ತು, ಚರಂಡಿ ಸಂಪರ್ಕ, ಕಸ ಎತ್ತುವ ವ್ಯವಸ್ಥೆ ಬಂತು. ಬೀದಿಯಿಂದ ಎಬ್ಬಿಸಿ ತಂದವರಿಗೆ ಬಾಡಿಗೆಯಲ್ಲಿ ರಿಯಾಯಿತಿ ಕೊಟ್ಟರು. ಊಟದ ಬೆಲೆ ಇಂದಿಗೂ ಕೆಳಗೆ ಉಳಿದಿರುವುದಕ್ಕೆ ಆ ರಿಯಾಯಿತಿ ದೊಡ್ಡ ಕಾರಣ. 1977ರಲ್ಲಿ ಸಿಂಗಪುರ ನದಿಯ ಶುದ್ಧೀಕರಣ ಶುರುವಾದಾಗ ದಂಡೆಯ ಸುತ್ತಲಿನ ಸುಮಾರು 5 ಸಾವಿರ ವ್ಯಾಪಾರಿಗಳೂ ಹೀಗೆ ಮಾಡಿನ ಕೆಳಗೆ ಬಂದರು. ಹತ್ತು ವರ್ಷದಲ್ಲಿ ನದಿ ತಿಳಿಯಾಯಿತು.

ಕಳೆದುಕೊಂಡದ್ದೂ ಇದೆ, ಅದನ್ನು ಮುಚ್ಚಿಡಬಾರದು. ಆರ್ಚರ್ಡ್ ರೋಡಿನಲ್ಲಿ ಹಗಲು ಕಾರು ನಿಲ್ಲಿಸುವ ಬಯಲು ಸಂಜೆಯಾದೊಡನೆ ಗಾಡಿಗಳಿಂದ ತುಂಬಿ ಹೋಗುತ್ತಿತ್ತು. 1978ರಲ್ಲಿ ಅದನ್ನು ಮುಚ್ಚಿದರು. ಬೀದಿಯಲ್ಲಿ ಕೂಗುತ್ತ, ಬಿದಿರ ತುಂಡು ಬಡಿಯುತ್ತ ನೂಡಲ್ಸ್ ಮಾರುವವರು ಇಲ್ಲವಾದರು. ಆದರೂ ಒಂದು ಮಾತು ಸ್ಪಷ್ಟ. ಬೀದಿ ವ್ಯಾಪಾರಿಯನ್ನು ಓಡಿಸಿ ಊರು ಚೆಂದ ಮಾಡಿದ ನಗರಗಳು ಬಹಳ. ಅವನ ಒಲೆಗೆ ನೀರು ಕೊಟ್ಟು ಉಳಿಸಿಕೊಂಡ ನಗರಗಳು ಬೆರಳೆಣಿಕೆಯಷ್ಟು. ನಮ್ಮಲ್ಲೂ 2014ರಲ್ಲಿ ಬೀದಿ ವ್ಯಾಪಾರಿಗಳ ಹಿತರಕ್ಷಣೆಗೆ ಕೇಂದ್ರ ಕಾನೂನು ಬಂದಿದೆ. ನಮ್ಮ ಗಾಡಿಗಳ ಪಕ್ಕದಲ್ಲಿ ನಲ್ಲಿ ಬರುವುದು ಇನ್ನೂ ಬಾಕಿ.

2016ರಲ್ಲಿ ಮಿಶಲಿನ್ ಕೈಪಿಡಿ ಸಿಂಗಪುರದ ಎರಡು ಹಾಕರ್ ಅಂಗಡಿಗಳಿಗೆ ಒಂದೊಂದು ನಕ್ಷತ್ರ ಕೊಟ್ಟಿತು. ಒಂದು ಹಿಲ್ ಸ್ಟ್ರೀಟ್ ತಾಯ್ ಹ್ವಾ ನೂಡಲ್ಸ್ ಅಂಗಡಿ. ಇನ್ನೊಂದು ಚೈನಾಟೌನ್ ಕಾಂಪ್ಲೆಕ್ಸಿನಲ್ಲಿ ಚಾನ್ ಹೊನ್ ಮೆಂಗ್ ನಡೆಸುತ್ತಿದ್ದ ಸೋಯಾ ಸಾಸ್ ಕೋಳಿಯ ಅಂಗಡಿ. ಅಲ್ಲಿ ಆಗ ಒಂದು ತಟ್ಟೆಗೆ ಎರಡು ಸಿಂಗಪುರ ಡಾಲರಿನ ಆಸುಪಾಸು ಬೆಲೆ. 2020ರ ಡಿಸೆಂಬರಿನಲ್ಲಿ ಹಾಕರ್ ಸಂಸ್ಕೃತಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಈ ನಡುವೆ ಮೇಜಿನ ಮೇಲಿನ ಚೀನಾ ಕೂಡ ಹಿಗ್ಗಿದೆ. ಮುತ್ತಾತಂದಿರು ತಂದದ್ದು ದಕ್ಷಿಣ ಕರಾವಳಿಯ ಅಡುಗೆ. ಈಚಿನ ದಶಕಗಳಲ್ಲಿ ಬಂದವರು ಸಿಚುವಾನಿನ ನಾಲಿಗೆ ಜುಮುಗುಟ್ಟಿಸುವ ಮಾಲಾ, ಲಾಂಝೋವಿನ ಕೈಯಲ್ಲೆಳೆದ ನೂಡಲ್ಸ್, ಈಶಾನ್ಯ ಚೀನಾದ ಡಂಪ್ಲಿಂಗ್ ತಂದಿದ್ದಾರೆ. ಜಪಾನಿ, ಕೊರಿಯನ್, ಥಾಯ್ ಅಂಗಡಿಗಳೂ ಅದೇ ಸಾಲಿನಲ್ಲಿವೆ.

ಕನ್ನಡ ನಾಡಿನಿಂದ ಹೋಗುವವರಲ್ಲಿ ಹಲವರು ಸಸ್ಯಾಹಾರಿಗಳು, ಅವರಿಗಾಗಿ ಎರಡು ಮಾತು. ಸೆರಂಗೂನ್ ರೋಡಿನ ಬದಿಯ ಟೆಕ್ಕಾ ಸೆಂಟರಿನಲ್ಲಿ ದೋಸೆ, ಪರಾಟ ಸಿಗುತ್ತವೆ. ಅದೇ ರಸ್ತೆಯಲ್ಲಿ 1947ರ ಕೋಮಲಾ ವಿಲಾಸ್ ಇದೆ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಬಹುತೇಕ ಸೆಂಟರುಗಳಲ್ಲಿ ಬೌದ್ಧ ಪದ್ಧತಿಯ ಚೀನೀ ಸಸ್ಯಾಹಾರದ ಅಂಗಡಿಯೊಂದು ಇರುತ್ತದೆ. ಕಟ್ಟುನಿಟ್ಟಾದ ಕಡೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ತಟ್ಟೆಯಲ್ಲಿ ಮಾಂಸದಂತೆ ಕಾಣುವುದು ಸೋಯಾ ಅಥವಾ ಗೋಧಿಯ ಅಂಟು, ಗಾಬರಿ ಬೇಡ. ಮೊಟ್ಟೆ ಬೇಡವಾದರೆ ಕೇಳಿ ತಿಳಿದುಕೊಳ್ಳಿ. ಲೇ ಚಾ ಕೊಳ್ಳುವಾಗ ಒಣಮೀನು ಹಾಕಬೇಡಿ ಎಂದು ಹೇಳಲೇಬೇಕು. ವಾಟರ್‌ಲೂ ಬೀದಿಯಲ್ಲಿ ಕೃಷ್ಣ ದೇವಸ್ಥಾನವೂ ಕ್ವಾನ್ ಇಮ್ ದೇಗುಲವೂ ಪಕ್ಕಪಕ್ಕದಲ್ಲಿವೆ. ಚೀನೀ ಭಕ್ತರು ಎರಡೂ ಕಡೆ ಊದುಬತ್ತಿ ಹಚ್ಚುತ್ತಾರೆ. ಆ ಬೀದಿಗೆ ಹತ್ತಿರದ ಫಾರ್ಚೂನ್ ಸೆಂಟರ್ ಕಟ್ಟಡದಲ್ಲಿ ಸಸ್ಯಾಹಾರದ ಅಂಗಡಿಗಳು ಹಲವಾರು.

ಮುಂದೇನು ಎಂಬ ಚಿಂತೆ ಸಿಂಗಪುರಕ್ಕೇ ಇದೆ. ಒಲೆಯ ಮುಂದೆ ನಿಂತವರಲ್ಲಿ ಅರ್ಧದಷ್ಟು ಜನ 60ರ ಆಸುಪಾಸು ಅಥವಾ ಅದಕ್ಕೂ ಮೇಲಿನವರು. ಬೆಳಗಿನ ಜಾವ ಎದ್ದು ಸಾರು ಕುದಿಸುವ ಕೆಲಸಕ್ಕೆ ಮಕ್ಕಳು ಬರುತ್ತಿಲ್ಲ. ಹಳಬರಿಗಿದ್ದ ರಿಯಾಯಿತಿ ಬಾಡಿಗೆ ಹೊಸಬರಿಗಿಲ್ಲ, ಅವರು ಟೆಂಡರಿನಲ್ಲಿ ಅಂಗಡಿ ಹಿಡಿಯಬೇಕು. 2024ರಲ್ಲಿ ಒಂದು ಅಂಗಡಿಗೆ ತಿಂಗಳಿಗೆ 10 ಸಾವಿರ ಡಾಲರ್ ದಾಟಿದ ಬಿಡ್ ಬಂತು. ತರಬೇತಿ ಯೋಜನೆಗಳಿವೆ, ಹೊಸ ಸೆಂಟರುಗಳೂ ಏಳುತ್ತಿವೆ. ಆದರೆ ಕೆಲವು ಡಾಲರಿಗೆ ಹೊಟ್ಟೆ ತುಂಬುವ ತಟ್ಟೆಯ ಭಾರವನ್ನು ಇಷ್ಟು ಕಾಲ ಹೊತ್ತವನು ಹಾಕರ್. ಅವನ ದುಡಿಮೆಗೆ ತಕ್ಕ ಬೆಲೆ ಕೊಡಲು ಗಿರಾಕಿ ಒಪ್ಪದಿದ್ದರೆ ಯುನೆಸ್ಕೋ ಪಟ್ಟಿಯಿಂದ ಒಲೆ ಉರಿಯುವುದಿಲ್ಲ.

ಹೋಗುವವರು ಮಧ್ಯಾಹ್ನದ ನೂಕುನುಗ್ಗಲಿಗೆ ಮುಂಚೆ, ಹನ್ನೊಂದೂವರೆಯೊಳಗೆ ಹೋಗಿ. ಕೈಯಲ್ಲಿ ನಗದಿರಲಿ. ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಆ ಜಾಗ ಆಗಲೇ ಹಿಡಿದದ್ದು, ಕೂರಬೇಡಿ. ಸ್ಥಳೀಯರು ಸಾಲುಗಟ್ಟಿದ ಅಂಗಡಿಯ ಮುಂದೆ ತಾಳ್ಮೆಯಿಂದ ನಿಲ್ಲಿ, ಚೌಕಾಸಿ ಮಾಡಬೇಡಿ. ಉಂಡ ತಟ್ಟೆಯನ್ನು ಕಪಾಟಿಗೆ ಮರಳಿಸುವುದು 2021ರಿಂದ ಅಲ್ಲಿ ಕಡ್ಡಾಯ. ಹಲಾಲ್ ತಟ್ಟೆಗಳಿಗೆ ಬೇರೆ ಕಪಾಟಿದೆ, ನೋಡಿ ಇಡಿ.